ಮೊದಲು ಬೆಂಕಿಗೆ ಹಾಕಿದವಳು

ಸೋ ಯಿನ್ ಬಾಳೆಹಣ್ಣಿನ ಚಿಪ್ಪನ್ನು ಮೂರನೇ ಸಲ ತಿರುಗಿಸಿ ನೋಡಿದಳು. ಒಂದು ಹಣ್ಣಿನ ಮೇಲೂ ಕಪ್ಪು ಚುಕ್ಕೆ ಇರಬಾರದು. ನಡುವೆ ತೆಂಗಿನಕಾಯಿ, ಸುತ್ತ ಮೂರು ಚಿಪ್ಪು ಹಣ್ಣು, ಪಕ್ಕದಲ್ಲಿ ಮೇಣದಬತ್ತಿಯ ಕಟ್ಟು, ಕೆಳಗೆ ಮಡಿಸಿಟ್ಟ ಕೈಮಗ್ಗದ ಲುಂಗಿ. ಭಿಕ್ಷುಗಳ ಮಳೆಗಾಲದ ವರ್ಷಾವಾಸ ಮುಗಿದ ಹುಣ್ಣಿಮೆಯ ಮರುದಿನ ಗುರುಗಳ ಮನೆಗೆ ಹೋಗಿ ಮಂಡಿಯೂರಿ ನಮಸ್ಕಾರ ಮಾಡಿ ಬರುವ ದಿನ. ಹದಿಮೂರು ವರ್ಷ ಒಂದು ಸಲವೂ ತಪ್ಪಿಸದವಳು ಅವಳು. ಇದು ಹದಿನಾಲ್ಕನೆಯದು.

ಜಗಲಿಯಲ್ಲಿ ಕೂತು ದಪ್ಪ ಚುಟ್ಟಾ ಎಳೆಯುತ್ತಿದ್ದ ಅಮ್ಮ ದೋ ಷ್ವೇ ಮ್ಯಾ ಇದನ್ನೆಲ್ಲ ನೋಡುತ್ತಲೇ ಇದ್ದಳು.

"ಬುದ್ಧನ ಮುಂದೆ ಇಡೋ ಹಣ್ಣನ್ನೂ ನೀನು ಇಷ್ಟು ನೋಡಲ್ಲ."

"ಗುರುಗಳು ಬುದ್ಧನ ಸಾಲಿಗೇ ಬರ್ತಾರೆ ಅಂತ ಹೇಳಿಕೊಟ್ಟವಳು ನೀನೇ ಅಲ್ವಾ ಅಮ್ಮ."

"ಸಾಲಿಗೆ ಬರ್ತಾರೆ ಅಂದೆ. ಸಾಲಲ್ಲಿ ಮುಂದೆ ಬಂದು ನಿಲ್ತಾರೆ ಅನ್ನಲಿಲ್ಲ. ಮಂಗಳವಾರ ಹುಟ್ಟಿದವಳು ನೀನು, ಸಿಂಹದ ದಿನ. ಆ ಮನುಷ್ಯನ ಮುಂದೆ ಹೋದ ತಕ್ಷಣ ಬೆಕ್ಕಿನ ಮರಿ ಆಗ್ತೀಯ."

ಸೋ ಯಿನ್ ನಕ್ಕಳು. ಇವತ್ತು ಅಮ್ಮ ಏನೇ ಅಂದರೂ ಅವಳಿಗೆ ತಾಗುತ್ತಿರಲಿಲ್ಲ. ಊರಿನ ರಾಷ್ಟ್ರೀಯ ಶಾಲೆಗೆ ಹೊಸ ಕಟ್ಟಡ ಏಳುತ್ತಿತ್ತು. ಹೆಣ್ಣುಮಕ್ಕಳಿಗೇ ಬೇರೆ ವಿಭಾಗ, ಅದಕ್ಕೊಬ್ಬಳು ಮುಖ್ಯಸ್ಥೆ. ಯಾರೆಂಬುದನ್ನು ನಮಸ್ಕಾರ ಮುಗಿದ ಮೇಲೆ ಎಲ್ಲರ ಎದುರು ಹೇಳುತ್ತೇನೆ ಎಂದಿದ್ದರು ಹೆಡ್‌ಮಾಸ್ಟರ್ ಊ ಸಾನ್ ತ್ವಿನ್. ಊರೆಲ್ಲ ಅವರನ್ನು ಸಯಾಜಿ, ದೊಡ್ಡ ಮೇಷ್ಟ್ರು, ಎಂದೇ ಕರೆಯುತ್ತಿತ್ತು; ನಾಲ್ಕನೇ ತರಗತಿಗೆ ಪಾಠ ಹೇಳುವ ಸೋ ಯಿನ್‌ಳನ್ನು ಸಯಾಮ, ಟೀಚರಮ್ಮ, ಎಂದು. ಹೋದ ತಿಂಗಳು ಅವಳನ್ನು ಕರೆದು, "ನೀನಲ್ಲದೆ ಇನ್ಯಾರು ಮಗಳೇ" ಎಂದು ಗುಟ್ಟಾಗಿ ಹೇಳಿಯೂ ಇದ್ದರು.

ಅವಳಲ್ಲದೆ ಇನ್ಯಾರು ನಿಜವೇ. ಬಿದಿರ ತಡಿಕೆಯ ಶಾಲೆಗೆ ಮೊದಲ ದಿನ ಕಸ ಗುಡಿಸಿದವಳು ಅವಳು. ಬರ್ಮೀ ಭಾಷೆಯಲ್ಲಿ ಲೆಕ್ಕದ ಪುಸ್ತಕ ಇಲ್ಲದಿದ್ದಾಗ ತಾನೇ ಕೂತು ಕೈಬರಹದಲ್ಲಿ ಬರೆದು ಮೂವತ್ತು ಪ್ರತಿ ಮಾಡಿದವಳು. ಮನೆಮನೆಗೆ ಹೋಗಿ, "ನಿಮ್ಮ ಮಗಳು ಇಂಗ್ಲೆಂಡಿನ ರಾಣಿಯರ ಪಟ್ಟಿ ಉರು ಹೊಡೀತಾಳೆ, ನಮ್ಮ ಅರಸರ ಹೆಸರು ಗೊತ್ತಿಲ್ಲ, ನಾಚಿಕೆಯಾಗಲ್ವಾ" ಎಂದು ಜಗಳ ಕಾದು ಮಿಷನ್ ಶಾಲೆಯಿಂದ ಹುಡುಗಿಯರನ್ನು ಬಿಡಿಸಿ ತಂದವಳು. ಹಾಗೆ ತಂದವರಲ್ಲಿ ಕೊನೆಯವಳು ಏ ಚೂ. ಹನ್ನೆರಡು ವರ್ಷದ, ಬಾಯಿ ಸುಮ್ಮನಿರದ ಹುಡುಗಿ. ಅವಳಪ್ಪ ದೋಣಿಯವನು, ಎರಡು ತಿಂಗಳು ಒಪ್ಪಿರಲಿಲ್ಲ.

ಇಷ್ಟೆಲ್ಲ ಶುರುವಾದದ್ದು ಒಂದು ಬೆಂಕಿಯಿಂದ. ಸಾವಿರದ ಒಂಬೈನೂರ ಇಪ್ಪತ್ತರ ಡಿಸೆಂಬರ್. ರಂಗೂನಿನಲ್ಲಿ ಕಾಲೇಜು ಹುಡುಗರು ಮುಷ್ಕರ ಹೂಡಿದ್ದ ಸುದ್ದಿ ಹಡಗಿನಲ್ಲಿ ಬಂದ ವಾರವೇ, ಆಗ ಮಿಷನ್ ಶಾಲೆಯಲ್ಲಿ ಬರ್ಮೀ ಪಾಠ ಹೇಳುತ್ತಿದ್ದ ಊ ಸಾನ್ ತ್ವಿನ್ ಕೆಲಸ ಬಿಟ್ಟು ಹೊರಗೆ ಬಂದರು. ಸಂಜೆ ಬೌದ್ಧ ವಿಹಾರದ ಮುಂದಿನ ಬಯಲಲ್ಲಿ ಒಣ ತಾಳೆಗರಿ ಸೇರಿಸಿ ಬೆಂಕಿ ಹಾಕಿ, ಅವರ ಸರ್ಕಾರದ ಪರೀಕ್ಷೆ ನಮಗೆ ಬೇಡ, ಪ್ರವೇಶದ ಚೀಟಿ ಸುಡಿ ಎಂದರು. ಯಾರೂ ಕದಲಲಿಲ್ಲ. ಹತ್ತನೇ ತರಗತಿಯ ಪರೀಕ್ಷೆಯ ಚೀಟಿ ಅಂದರೆ ಹುಡುಗಾಟವೇ? ಆಗ ಅವರ ಮಗಳು ತಾನ್ ಯೀ, ಸೋ ಯಿನ್‌ಳ ಪಕ್ಕದ ಬೆಂಚಿನ ಗೆಳತಿ, ಎದ್ದು ಹೋಗಿ ತನ್ನದನ್ನು ಬೆಂಕಿಗೆ ಹಾಕಿದಳು. ಅದನ್ನು ಕಂಡು ಸೋ ಯಿನ್ ಎದ್ದಳು. ಅವಳ ಹಿಂದೆ ಹನ್ನೊಂದು ಮಂದಿ.

ಆಮೇಲೆ ತಾನ್ ಯೀಗೆ ಕಣ್ಣಿನ ತೊಂದರೆ ಬಂತೆಂದು ಮೌಲ್ಮೇನಿನ ಸೋದರತ್ತೆ ಮನೆಗೆ ಕಳಿಸಿದರು. ಅಲ್ಲೇ ಮದುವೆಯೂ ಆಯಿತು. ಈಗ ಗಂಡನಿಗೆ ಇದೇ ಊರಿನ ಕಚೇರಿಗೆ ವರ್ಗವಾಗಿ ಹದಿನೈದು ದಿನದ ಹಿಂದೆ ವಾಪಸ್ ಬಂದಿದ್ದಳು.

ಸೋ ಯಿನ್ ತಟ್ಟೆ ಹೊತ್ತು ಸಯಾಜಿಯ ಮನೆ ಮುಟ್ಟಿದಾಗ ಅವರು ಭಿಕ್ಷುಗಳ ವಿಹಾರಕ್ಕೆ ಹೋಗಿದ್ದರು. ಜನ ಇನ್ನೂ ಬಂದಿರಲಿಲ್ಲ. ಅವರ ಹೆಂಡತಿ ದೋ ಪು ಅತಿಥಿಗಳಿಗೆಂದು ಹುದುಗಿಸಿದ ಚಹಾ ಎಲೆಗೆ ಎಳ್ಳು, ಹುರಿದ ಬೆಳ್ಳುಳ್ಳಿ ಕಲೆಸುತ್ತಿದ್ದರು.

"ಒಳ್ಳೇ ಹೊತ್ತಿಗೆ ಬಂದೆ ಮಗಳೇ. ಒಂದು ಉಪಕಾರ ಮಾಡು. ಸರ್ಕಾರದವರು ಶಾಲೆಗೆ ಸಹಾಯ ಕೊಡೋಕೆ ಒಪ್ಪಿದ್ದಾರಂತೆ. ಅಳಿಯ ಇಂಗ್ಲಿಷಲ್ಲಿ ಏನೋ ಬರೆದಿಟ್ಟಿದ್ದಾನೆ, ಅದನ್ನ ನಮ್ಮ ಭಾಷೇಲಿ ಚೆನ್ನಾಗಿ ಬರೆಯೋಕೆ ನಿಮ್ಮ ಸಯಾಜಿಗೆ ಕೈ ನಡುಗುತ್ತೆ. ನಿನ್ನ ಅಕ್ಷರ ದುಂಡಗೆ ಇದೆ. ಇವತ್ತು ಎಲ್ಲರ ಮುಂದೆ ಓದ್ಬೇಕಂತೆ."

ದೋ ಪುಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ಪಾಪದ ಹೆಂಗಸು, ನಿಜವಾಗಿಯೂ ಉಪಕಾರವೆಂದೇ ಕೊಟ್ಟರು. ಶಾಲೆಯ ಪತ್ರಗಳನ್ನೆಲ್ಲ ದುಂಡಗೆ ಬರೆದುಕೊಡುವುದು ಮೊದಲಿಂದಲೂ ಸೋ ಯಿನ್‌ಳ ಕೆಲಸ. ಕಿಟಕಿಯ ಬಳಿ ಕೂತು ಲೇಖನಿ ಅದ್ದಿದಳು.

ಸರ್ಕಾರದ ಸಹಾಯ ಎಂಬ ಮಾತೇ ಅವಳಿಗೆ ಹಿಡಿಸಲಿಲ್ಲ. ಆದರೂ ಮಕ್ಕಳಿಗೆ ಸೂರು ಬೇಕಲ್ಲ, ಸಯಾಜಿ ಯೋಚಿಸಿಯೇ ಮಾಡಿರುತ್ತಾರೆ ಎಂದು ನುಂಗಿಕೊಂಡಳು. ಹದಿನಾಲ್ಕು ವರ್ಷದಲ್ಲಿ ಹೀಗೆ ನುಂಗಿದ್ದು ಎಷ್ಟೋ.

ಮೊದಲ ಪುಟ ಮುಗಿಸಿದಳು. ಎರಡನೆಯದರಲ್ಲಿ ಉಪಾಧ್ಯಾಯರ ಪಟ್ಟಿ. ಹೆಣ್ಣುಮಕ್ಕಳ ವಿಭಾಗದ ಮುಖ್ಯಸ್ಥೆ: ತಾನ್ ಯೀ. ಅರ್ಹತೆ: ಸರ್ಕಾರದ ಹತ್ತನೇ ತರಗತಿ ಪರೀಕ್ಷೆ, ಮೌಲ್ಮೇನ್ ಕೇಂದ್ರ, ಮಾರ್ಚ್ ಸಾವಿರದ ಒಂಬೈನೂರ ಇಪ್ಪತ್ತೊಂದು. ನಾಲ್ಕನೇ ತರಗತಿ: ಖಾಲಿ. ಈಗಿರುವ ಉಪಾಧ್ಯಾಯಿನಿಗೆ ಸರ್ಟಿಫಿಕೇಟ್ ಇಲ್ಲವಾದ್ದರಿಂದ ನವೆಂಬರ್ ಕೊನೆಗೆ ಬಿಡುಗಡೆ.

ಈಗಿರುವ ಉಪಾಧ್ಯಾಯಿನಿ ಲೇಖನಿ ಕೆಳಗಿಟ್ಟಳು.

ಹೋಗುವ ಕೆಲಸದ ಯೋಚನೆ ಆ ಗಳಿಗೆಯಲ್ಲಿ ಅವಳಿಗೆ ಬರಲೇ ಇಲ್ಲ. ಡಿಸೆಂಬರಿನಲ್ಲಿ ಚೀಟಿ ಸುಟ್ಟವಳು ಮಾರ್ಚಿನಲ್ಲಿ ಪರೀಕ್ಷೆಗೆ ಹೇಗೆ ಕೂತಳು ಎಂಬಲ್ಲಿಗೇ ತಲೆ ಮತ್ತೆ ಮತ್ತೆ ಹೋಗಿ ನಿಂತಿತು. ಜೊತೆಗೆ ಇನ್ನೊಂದು ನೆನಪು ಎದ್ದು ಬಂತು. ಆ ಫೆಬ್ರವರಿಯಲ್ಲಿ ಮಿಷನ್ ಶಾಲೆಯ ಬಿಳಿಯ ಟೀಚರಮ್ಮ ಅವಳಿಗೊಂದು ಕಾಗದ ಕಳಿಸಿದ್ದರು. ನಿನ್ನ ಹೆಸರು ಪಟ್ಟಿಯಲ್ಲಿ ಹಾಗೇ ಇದೆ, ಬಂದು ಪರೀಕ್ಷೆಗೆ ಕೂತುಕೋ ಎಂದು. ಅಮ್ಮ ಕೈಮುಗಿದು ಹೋಗು ಅಂದಿದ್ದಳು. ಸೋ ಯಿನ್ ಆ ಕಾಗದವನ್ನು ನೇರ ಸಯಾಜಿಯ ಕೈಗೆ ಕೊಟ್ಟಿದ್ದಳು. ಅವರು ಓದಿ, ಮಡಿಸಿ ಜೇಬಿಗಿಟ್ಟುಕೊಂಡು, "ನೀನು ನನ್ನ ಬಲಗೈ. ಬಲಗೈ ಹೋದರೆ ನಾನು ಶಾಲೆ ಹೇಗೆ ನಡೆಸಲಿ" ಎಂದಿದ್ದರು. ಅವಳು ಖುಷಿಯಿಂದ ಅತ್ತಿದ್ದಳು. ಮಗಳು ಅದೇ ವಾರ ಮೌಲ್ಮೇನಿನಲ್ಲಿ ಕೂತು ಪರೀಕ್ಷೆಗೆ ಓದುತ್ತಿದ್ದಳು.

"ಕಣ್ಣು ಹೇಗಿದೆ ಈಗ?" ಎಂದಳು ಸೋ ಯಿನ್, ಹೂದಾನಿ ಹಿಡಿದು ಒಳಗೆ ಬಂದ ತಾನ್ ಯೀಗೆ.

"ಯಾವ ಕಣ್ಣು?"

ಕೇಳಿದ ಮೇಲೆ ತಾನ್ ಯೀಯ ನೋಟ ಮೇಜಿನ ಮೇಲಿನ ಕಾಗದಕ್ಕೆ ಹೋಯಿತು. ಅವಳು ಹೂದಾನಿಯನ್ನು ನೆಲದ ಮೇಲಿಟ್ಟಳು.

"ಅವತ್ತು ಬೆಂಕಿಗೆ ಏನು ಹಾಕಿದೆ ನೀನು?"

"ಹಳೇ ಲೆಕ್ಕದ ಹಾಳೆ. ಅಪ್ಪ ಮಡಿಸಿ ಕೈಗೆ ಕೊಟ್ಟಿದ್ರು. ನನಗಾಗ ಹದಿನಾರು, ಸೋ ಯಿನ್."

"ನನಗೂ ಹದಿನಾರೇ."

"ನೀನು ಎದ್ದು ಬರ್ತೀಯ ಅಂತ ನನಗೆ ಗೊತ್ತಿರಲಿಲ್ಲ. ಆಮೇಲೆ ಹೇಳೋಣ ಅಂದ್ಕೊಂಡೆ. ಆಮೇಲೆ ಹೇಳೋದು ಹೇಗೆ ಅಂತ ತಿಳೀಲಿಲ್ಲ."

ಅಷ್ಟರಲ್ಲಿ ಸಯಾಜಿ ಬಂದರು. ಹದಿನಾಲ್ಕು ವರ್ಷದಿಂದ ತೊಡುತ್ತಿದ್ದ ಅದೇ ಕಂದು ಬಣ್ಣದ ಕೈಮಗ್ಗದ ಅಂಗಿ. ಪರದೇಶದ ಬಟ್ಟೆ ಮುಟ್ಟದವರು, ಊರಿಗೇ ಮಾದರಿ. ಕಾಗದ ಕಂಡರು, ಮಗಳ ಮುಖ ಕಂಡರು. ಅಡುಗೆಮನೆಯ ಕಡೆ ಒಮ್ಮೆ ನೋಡಿ, ಕುರ್ಚಿ ಎಳೆದು ಕೂತರು.

"ನಮಸ್ಕಾರ ಮುಗಿದ ಮೇಲೆ ನಾನೇ ನಿಧಾನವಾಗಿ ಹೇಳೋನಿದ್ದೆ ಮಗಳೇ. ಇನ್‌ಸ್ಪೆಕ್ಟರು ಸರ್ಟಿಫಿಕೇಟ್ ಇಲ್ಲದವರನ್ನ ಇಟ್ಕೋಬೇಡಿ ಅಂತ ಹಟ ಹಿಡಿದ. ಶಾಲೆ ಉಳೀಬೇಕಲ್ಲ."

"ಅದು ಸರಿ ಸಯಾಜಿ. ಬೆಂಕಿ ವಿಷಯ ಹೇಳಿ."

ಅವರು ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. "ಯಾರಾದರೂ ಒಬ್ಬರು ಮೊದಲು ಏಳಬೇಕಿತ್ತು. ಯಾರೂ ಏಳ್ತಿರಲಿಲ್ಲ. ಅದಕ್ಕೆ ಹಾಗೆ ಮಾಡಿದೆ. ಕೆಲಸ ಒಳ್ಳೇದೇ ಆಯ್ತಲ್ಲ? ಇನ್ನೂರು ಮಕ್ಕಳು ಓದ್ತಿದ್ದಾರೆ."

"ಮಗಳನ್ನ ಪರೀಕ್ಷೆಗೆ ಯಾಕೆ ಕೂರಿಸಿದಿರಿ?"

"ತಂದೆ ಅಲ್ವೇನಮ್ಮ ನಾನು. ಈ ಶಾಲೆ ಆರು ತಿಂಗಳು ನಡೆಯುತ್ತೋ ಇಲ್ವೋ ಅನ್ನೋದು ಆಗ ಯಾರಿಗೆ ಗೊತ್ತಿತ್ತು."

"ನಿಮಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನೀವು ನಡೆಯುತ್ತೆ ಅಂದಿದ್ರಿ."

ಸಯಾಜಿ, ಸಮಾಧಾನ ಹೇಳುವ ದನಿಯಲ್ಲೇ, ಹೇಳಬಾರದ ಮಾತು ಹೇಳಿದರು.

"ಆ ಫೆಬ್ರವರೀಲಿ ಬಂದಾಗ ನೀನು ಕೇಳಿದ್ದರೆ ನಿನಗೂ ಕೂತ್ಕೋ ಅಂತಿದ್ದೆ. ನೀನು ಕೇಳಲೇ ಇಲ್ಲ. ಕಾಗದ ಕೊಟ್ಟು ನಿಂತೆ."

"ಗುರುಗಳನ್ನ ಎದುರು ಕೇಳಬಾರದು ಅಂತ ಕಲಿಸಿದವರು ನೀವೇ, ಸಯಾಜಿ."

ಕೂಗಾಡಿದ್ದರೆ ಅವಳಿಗೂ ಹಗುರಾಗುತ್ತಿತ್ತೇನೋ. ಕೂಗಲಿಲ್ಲ. ಗುರುವಿನ ಎದುರು ದನಿ ಎತ್ತುವುದು ಅವಳ ಮೈಗೆ ಬರುತ್ತಿರಲಿಲ್ಲ. ಅವರು ಹಾಗೆ ಬೆಳೆಸಿದ್ದರಿಂದಲೇ, ತಾನು ಹಾಗೆ ಬೆಳೆದದ್ದರಿಂದಲೇ ಮೋಸ ಮಾಡುವುದು ಎಷ್ಟು ಸುಲಭವಾಯಿತು ಎಂದು ಅವಳಿಗೆ ಈಗ ಹೊಳೆಯಿತು. ಅವರ ಮೇಲೆ ಎಷ್ಟು ಸಿಟ್ಟೋ ತನ್ನ ಮೇಲೂ ಅಷ್ಟೇ.

ಹೊರಗೆ ಮಕ್ಕಳ ಗದ್ದಲ ಕೇಳಿಸಿತು. ಹಳೆಯ ವಿದ್ಯಾರ್ಥಿಗಳು, ತಂದೆತಾಯಿಯರು, ನಾಲ್ಕನೇ ತರಗತಿಯ ಮೂವತ್ತೆರಡು ಹುಡುಗಿಯರು, ಎಲ್ಲರೂ ಕೆನ್ನೆಗೆ ಗಂಧದಂತೆ ತೇಯ್ದ ತನಖಾ ಬಳಿದುಕೊಂಡು ಕೈಯಲ್ಲಿ ಹಣ್ಣು, ಮೇಣದಬತ್ತಿ ಹಿಡಿದು ನಡುಮನೆ ತುಂಬಿದರು. ಏ ಚೂ ಎಲ್ಲರನ್ನೂ ತಳ್ಳಿಕೊಂಡು ಮುಂದಿನ ಸಾಲಿಗೆ ಬಂದಳು. ಬಾಗಿಲ ಹತ್ತಿರ ಅವಳಪ್ಪ, ಒಗೆದ ಅಂಗಿ ತೊಟ್ಟು, ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಿದ್ದ.

ಸಯಾಜಿ ಚಾಪೆಯ ಮೇಲೆ ಕೂತರು. ಎದುರಿಗೆ ಎಲ್ಲರಿಗಿಂತ ಮುಂದೆ ಸೋ ಯಿನ್‌ಳ ಜಾಗ. ಪ್ರತಿ ವರ್ಷ ಅವಳು ಮೊದಲು ಹೇಳಬೇಕು, ಉಳಿದವರು ಅವಳ ಹಿಂದೆ. ಮೈಯಿಂದ, ಮಾತಿನಿಂದ, ಮನಸ್ಸಿನಿಂದ ತಿಳಿದೋ ತಿಳಿಯದೆಯೋ ನಾವು ಮಾಡಿದ ತಪ್ಪನ್ನು ಗುರುಗಳು ಕ್ಷಮಿಸಬೇಕು ಎಂದು ಬೇಡಿಕೊಂಡ ಮೇಲೆ ಅವರು ಆಶೀರ್ವದಿಸಬೇಕು. ಬೇಡದೆ ಆಶೀರ್ವಾದವಿಲ್ಲ. ಅದು ಪದ್ಧತಿ.

ಮಂಡಿ ತಾನಾಗಿ ಮಡಿಚಿತು. ಹಣೆ ನೆಲಕ್ಕೆ ಮುಟ್ಟಿತು. ಒಂದು, ಎರಡು, ಮೂರು ಸಲ. ಮೈಗೆ ಬೇರೇನೂ ಗೊತ್ತಿರಲಿಲ್ಲ. ಆದರೆ ಎದ್ದು ಕೂತು ಕೈಮುಗಿದ ಮೇಲೆ ಬಾಯಿ ತೆರೆಯಲಿಲ್ಲ. ಕ್ಷಮೆ ಕೇಳಲು ಅವಳು ತನ್ನ ಹದಿನಾಲ್ಕು ವರ್ಷವನ್ನು ಹುಡುಕಿದಳು. ಈ ಮನುಷ್ಯನಿಗೆ ತಾನು ಮಾಡಿದ ತಪ್ಪು ಒಂದೂ ಸಿಗಲಿಲ್ಲ.

ಬೆನ್ನ ಹಿಂದೆ ಮೂವತ್ತೆರಡು ಹುಡುಗಿಯರು ಅವಳ ಮಾತಿಗೆ ಕಾಯುತ್ತಿದ್ದರು. ಅವಳು ಏನು ಹೇಳಿದರೂ ಅದನ್ನೇ ಹೇಳಲು ಸಿದ್ಧವಾಗಿದ್ದರು. ಬಯಲಲ್ಲಿ ಬೆಂಕಿಯ ಮುಂದೆ ಮೊದಲು ಎದ್ದವಳ ಹಿಂದೆ ತಾನು ಎದ್ದಿದ್ದಳು. ಈ ಮಕ್ಕಳು ಎದ್ದು ಬಂದದ್ದು ತನ್ನ ಹಿಂದೆ.

ಅವಳು ಮಂಡಿಯ ಮೇಲೆಯೇ ತಿರುಗಿ ಕೂತಳು. ಗುರುವಿಗೆ ಬೆನ್ನು. ನಡುಮನೆಯಲ್ಲಿ ಯಾರೋ ಉಸಿರೆಳೆದುಕೊಂಡರು.

"ಏ ಚೂ, ನಿಮ್ಮಪ್ಪ ಬಂದಿದ್ದಾರಾ?"

"ಬಂದಿದ್ದಾರೆ, ಸಯಾಮ. ಬಾಗಿಲ ಹತ್ರ."

"ಅಣ್ಣಾ, ಮಗಳನ್ನ ಮಿಷನ್ ಶಾಲೆಯಿಂದ ಬಿಡಿಸಿ ಅಂತ ನಾನು ನಿಮ್ಮ ಮನೆಗೆ ಎಷ್ಟು ಸಲ ಬಂದೆ?"

"ಏಳು ಸಲ, ಸಯಾಮ," ಅಂದ ದೋಣಿಯವನು, ಅನುಮಾನಿಸುತ್ತಾ.

"ನನಗೆ ಸರ್ಟಿಫಿಕೇಟ್ ಇಲ್ಲ. ಅದಿಲ್ಲದವರಿಗೆ ಈ ಶಾಲೇಲೂ ಇನ್ನು ಜಾಗ ಇಲ್ಲ. ಅದು ಬೇಡ ಅಂತ ನಮಗೆ ಹೇಳಿದವರು ತಮ್ಮ ಮಗಳಿಗೆ ಮಾತ್ರ ಮಾಡಿಸಿಟ್ಟಿದ್ರು. ನನಗೆ ಇವತ್ತು ಗೊತ್ತಾಯ್ತು. ನಿಮಗೆ ಇವತ್ತೇ ಹೇಳ್ತಿದ್ದೀನಿ. ಮಗಳಿಗೆ ಪರೀಕ್ಷೆ ಎಲ್ಲಿ ಕೊಡಿಸ್ತೀರೋ ಅಲ್ಲಿಗೆ ಕಳಿಸಿ. ಇಲ್ಲೇ ಇಡ್ತೀರಾದರೆ ಎಲ್ಲವನ್ನೂ ಕೇಳಿ, ಕಾಗದ ನೋಡಿ, ಆಮೇಲೆ ಇಡಿ. ನಾನು ಹೇಳಿದೆ ಅಂತ ಇಡಬೇಡಿ."

"ಸೋ ಯಿನ್, ಮಕ್ಕಳ ಮುಂದೆ," ಎಂದರು ಸಯಾಜಿ ಹಿಂದಿನಿಂದ. ಅವರ ದನಿ ಮೊದಲ ಬಾರಿಗೆ ಮುದುಕನ ದನಿಯಂತಿತ್ತು. ಅಡುಗೆಮನೆಯ ಬಾಗಿಲಲ್ಲಿ ದೋ ಪು ಕೈಯಲ್ಲಿ ಚಹಾ ಎಲೆಯ ತಟ್ಟೆ ಹಿಡಿದು ಗಂಡನನ್ನೂ ಮಗಳನ್ನೂ ನೋಡುತ್ತಾ ನಿಂತುಬಿಟ್ಟಿದ್ದರು.

ಸೋ ಯಿನ್ ತಿರುಗಲಿಲ್ಲ.

"ಹುಡುಗಿಯರೇ, ನೀವೂ ಕೇಳಿಸ್ಕೊಳ್ಳಿ. ದೊಡ್ಡವರು ಹೇಳಿದ್ರು ಅಂತ ಯಾವುದಕ್ಕೂ ಎದ್ದು ಹೋಗಬೇಡಿ. ಯಾಕೆ ಅಂತ ಕೇಳಿ. ಸಯಾಮ ಹೇಳಿದ್ರೂ ಕೇಳಿ. ಇಷ್ಟು ವರ್ಷ ಎಲ್ಲ ಕಲಿಸಿದೆ, ಇದೊಂದು ನಾನು ನಿಮಗೆ ಕಲಿಸಿರಲಿಲ್ಲ."

ಮೂವತ್ತೆರಡು ಮುಖಗಳು ಅವಳನ್ನೇ ನೋಡಿದವು. ತಟ್ಟೆಯಲ್ಲಿ ಅವಳು ಆರಿಸಿ ತಂದ ಬಾಳೆಹಣ್ಣು ಒಂದು ಚುಕ್ಕೆಯೂ ಇಲ್ಲದೆ ಹಾಗೇ ಕೂತಿತ್ತು. ಕೊನೆಗೆ ಏ ಚೂ, ಮುಗಿದ ಕೈಯನ್ನು ಅರ್ಧ ಇಳಿಸಿ, ಮೆಲ್ಲಗೆ ಕೇಳಿದಳು.

"ಸಯಾಮ, ಹಾಗಾದ್ರೆ ನಾವೀಗ ಸಯಾಜಿಗೆ ನಮಸ್ಕಾರ ಮಾಡ್ಬೇಕಾ, ಬೇಡ್ವಾ? ಯಾಕೆ?"

ಸೋ ಯಿನ್ ಉತ್ತರಕ್ಕೆ ಬಾಯಿ ತೆರೆದಳು. ಹದಿನಾಲ್ಕು ವರ್ಷ ಯಾವ ಪ್ರಶ್ನೆಗೂ ತಡವರಿಸದವಳು. ಕಣ್ಣು ತುಂಬಿ ಬಂದು ಹುಡುಗಿಯ ಮುಖ ಮಸುಕಾಯಿತು.

"ನನಗೆ ಗೊತ್ತಿಲ್ಲಮ್ಮ," ಎಂದಳು. "ಅವರನ್ನೇ ಕೇಳು."

ಏ ಚೂ ಕತ್ತು ಚಾಚಿ ಅವಳ ಭುಜದಾಚೆ ನೋಡಿದಳು, ಮತ್ತು ಕೇಳಿದಳು.