ಅಂಗಾಲಿನ ರೂಢಿ

ಮಣಿಕಟ್ಟಿಗೆ ಪಟ್ಟಿ ಸುತ್ತಿ ಅದರ ತುದಿಯನ್ನು ಹಲ್ಲಿನಿಂದ ಹರಿಯುತ್ತಿದ್ದಾಗ ಇಲಾರಿಯಾಳಿಗೆ ಕಿಟಕಿಯಾಚೆ ಟೆನಿಸ್ ಕೋರ್ಟಿಗೆ ನೀರು ಬಿಡುವ ಸದ್ದು ಕೇಳಿಸಿತು. ಇಟ್ಟಿಗೆ ಪುಡಿಯ ಕೆಂಪು ನೆಲ ಒದ್ದೆಯಾದಾಗ ಏಳುವ ವಾಸನೆ ಬಟ್ಟೆ ಬದಲಿಸುವ ಕೋಣೆಯೊಳಗೂ ಬಂತು. ಎಷ್ಟೋ ದೇಶಗಳಲ್ಲಿ ಆ ವಾಸನೆ ಕುಡಿದಿದ್ದಾಳೆ. ಆದರೆ ಇಟಲಿಯ ತನ್ನೂರು ಫಾನೊದ ಈ ಪುಟ್ಟ ಕ್ಲಬ್ಬಿನಲ್ಲಿ ಮಾತ್ರ ಅದರ ಜೊತೆಗೆ ಸಮುದ್ರದ ಉಪ್ಪು, ಕ್ಲಬ್ಬಿನ ಬಾರು ನಡೆಸುವ ಎಲ್ಮೋನ ಕಾಫಿ ಬೆರೆತಿರುತ್ತವೆ.

ಪಟ್ಟಿಯ ಮೇಲೆ ಬೆರಳು ಒತ್ತಿ ನೋಡಿಕೊಂಡಳು. ನೋವು ಇತ್ತು, ಆದರೆ ಮಾತು ಕೇಳುವಷ್ಟೇ ಇತ್ತು. ಮೂವತ್ತನಾಲ್ಕನೆಯ ವಯಸ್ಸಿಗೆ ಅಷ್ಟು ಸಾಕು. ಒಂದು ಕಾಲಕ್ಕೆ ಜಗತ್ತಿನ ಮೊದಲ ನೂರು ಆಟಗಾರ್ತಿಯರಲ್ಲಿ ಅವಳ ಹೆಸರೂ ಇತ್ತು. ಈಗ ಶ್ರೇಯಾಂಕದ ಪಟ್ಟಿಯಲ್ಲಿ ಅದನ್ನು ಹುಡುಕಲು ಬಹಳ ಕೆಳಗೆ ಇಳಿಯಬೇಕು. ಇಂದು ಗೆದ್ದರೆ ರೋಮಿನ ದೊಡ್ಡ ಟೂರ್ನಿಯ ಅರ್ಹತಾ ಸುತ್ತು. ಸೋತರೆ ಸೋಮವಾರದ ವಿಮಾನಕ್ಕೆ ಟ್ಯುನೀಷಿಯಾ. ಅಲ್ಲಿ ಖಾಲಿ ಕುರ್ಚಿಗಳ ಎದುರು ತನ್ನ ಅರ್ಧ ವಯಸ್ಸಿನ ಹುಡುಗಿಯರ ಜೊತೆ ಆಟ.

ರೋಮ್ ಅವಳಿಗೆ ಬೇಕಾಗಿದ್ದುದು ತನಗಾಗಿ ಅಲ್ಲ. ಹಿಂದೆ ಎರಡು ಸಲ ಆಡಿದ್ದಳು. ಮೊದಲ ಸಲ ಕ್ಲಬ್ಬಿನ ಮಕ್ಕಳಿಗೆ ಪಾಠವಿದೆಯೆಂದು ನೆರೀನಾ ಬರಲಿಲ್ಲ. ಎರಡನೆಯ ಸಲ ಅವರಿಗೆ ಸೊಂಟದ ಶಸ್ತ್ರಚಿಕಿತ್ಸೆ. ಊರೆಲ್ಲ ‘ಮಾಎಸ್ತ್ರಾ’, ಅಂದರೆ ಟೀಚರಮ್ಮ, ಎಂದು ಕರೆಯುವ ಆ ಎಪ್ಪತ್ತು ದಾಟಿದ ಹೆಂಗಸು ಇಲಾರಿಯಾಳ ಕೈಗೆ ಮೊದಲ ರ‍್ಯಾಕೆಟ್ ಕೊಟ್ಟವರು. ಹಳೆಯ ಪಾಂಡಾ ಕಾರಿನಲ್ಲಿ ಕಿಟಕಿ ತೆರೆದಿಟ್ಟುಕೊಂಡು, ಪೀಚ್ ಹಣ್ಣಿನ ಚೀಲವನ್ನು ಅವಳ ತೊಡೆಯ ಮೇಲಿರಿಸಿ, ಅವಳನ್ನು ಊರೂರಿಗೆ ಕರೆದೊಯ್ದವರು. ಸೋತು ಬರುವ ದಾರಿಯಲ್ಲಿ ಅವರು ಆಟದ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಹಣ್ಣು ಸುಲಿದು ಕೊಡು ಎನ್ನುತ್ತಿದ್ದರು, ಅಷ್ಟೆ. ಅವರನ್ನು ಒಮ್ಮೆ ರೋಮಿನ ಕೋರ್ಟುಗಳ ಸುತ್ತಲಿನ ಪೈನ್ ಮರಗಳ ಕೆಳಗೆ ಕೂರಿಸಬೇಕು. ಇಷ್ಟು ವರ್ಷ ನೀವು ಕಾರು ಓಡಿಸಿದ್ದು ಇಲ್ಲಿಗೆ ಎಂದು ತೋರಿಸಬೇಕು.

ಆಟ ಮೂರನೆಯ ಸೆಟ್ಟಿಗೆ ಹೋಯಿತು. ಎದುರಾಳಿ ವಿಯೋಲಾ ಟೊರಿನೊ ಕಡೆಯವಳು, ಹದಿನೇಳು ವರ್ಷದ ಉದ್ದ ಕಾಲುಗಳ ಹುಡುಗಿ. ಬಾರಿನ ಮುಂದೆ ಇಸ್ಪೀಟು ಆಡುವ ಮುದುಕರೆಲ್ಲ ಎಲೆಗಳನ್ನು ಕವುಚಿಟ್ಟು ಬೇಲಿಗೆ ಆತುಕೊಂಡಿದ್ದರು. ನೆರೀನಾ ಮಾತ್ರ ತಮ್ಮ ಮಾಮೂಲಿ ಜಾಗದಲ್ಲಿ, ಚೆಂಡಿನ ಬುಟ್ಟಿಯ ಪಕ್ಕದ ಕುರ್ಚಿಯಲ್ಲಿದ್ದರು.

ಇನ್ನೊಂದು ಪಾಯಿಂಟು ಸಿಕ್ಕರೆ ವಿಯೋಲಾಳಿಗೇ ಪಂದ್ಯ. ಹುಡುಗಿ ಮೈಯೆಲ್ಲ ಬಳಸಿ ಹೊಡೆದಳು. ಚೆಂಡು ಇಲಾರಿಯಾಳ ಕಾಲ ಬಳಿ, ಹಿಂದಿನ ಗೆರೆಯ ಹತ್ತಿರ ಬಿತ್ತು. ಲೈನ್ ಅಂಪೈರ್ ಕೈ ಚಾಚಿ “ಔಟ್” ಎಂದ. ಇಲಾರಿಯಾಳೂ ನೋಡಿದಳು. ಗೆರೆಗೂ ಚೆಂಡು ಮಣ್ಣಿನಲ್ಲಿ ಒತ್ತಿದ ಗುರುತಿಗೂ ನಡುವೆ ಒಂದು ಬೆರಳಿನಷ್ಟು ಕೆಂಪು ಮಣ್ಣು ಅಲುಗದೆ ಹಾಗೇ ಇತ್ತು. ಬದುಕಿದೆ ಎಂದುಕೊಂಡಳು. ಬೇಲಿಯ ಬಳಿ ಮುದುಕರು ಚಪ್ಪಾಳೆ ತಟ್ಟಿದರು. ಮುಂದಿನ ಚೆಂಡನ್ನು ಎಲ್ಲಿಗೆ ಹಾಕಲಿ ಎಂದು ಯೋಚಿಸುತ್ತ ಅವಳು ತಿರುಗಿದಳು. ತಿರುಗುವಾಗ ಅವಳ ಬಲಗಾಲು ಹಾಗೇ ಆ ಗುರುತಿನ ಮೇಲೆ ಒಮ್ಮೆ ಆಚೆ, ಒಮ್ಮೆ ಈಚೆ ಆಡಿ ಮಣ್ಣನ್ನು ಸಮ ಮಾಡಿತು.

ನೆಟ್ಟಿನ ಆಚೆ ವಿಯೋಲಾ ಬೆರಳೆತ್ತಿ ನಿಂತಿದ್ದಳು. ಅವಳಿಗೆ ಗುರುತು ನೋಡಬೇಕಿತ್ತು.

ಅಂಪೈರ್ ಎತ್ತರದ ಕುರ್ಚಿಯಿಂದ ಇಳಿದು ಬಂದ. ನೋಡಲು ಅಲ್ಲೇನೂ ಇರಲಿಲ್ಲ. ನುಣುಪಾದ ಮಣ್ಣು, ಅದರ ಮೇಲೆ ಶೂಸಿನ ಗೀರುಗಳು. ಅಂಪೈರ್ ನೋಡುವ ಮೊದಲೇ ಗುರುತು ಅಳಿಸಿದವಳು ಆ ಪಾಯಿಂಟನ್ನು ತಾನೇ ಬಿಟ್ಟುಕೊಟ್ಟಂತೆ. ಮಣ್ಣಿನ ಕೋರ್ಟಿನಲ್ಲಿ ಆಡುವ ಮಗುವಿಗೂ ಇದು ಗೊತ್ತು.

“ನೀವೇ ಅಳಿಸಿದ್ರಾ?” ಅಂಪೈರ್ ಮೆಲ್ಲಗೆ ಕೇಳಿದ.

“ಹೌದು,” ಎಂದಳು ಇಲಾರಿಯಾ. ಬೇರೆ ಹೇಳುವುದಕ್ಕೇನಿತ್ತು?

ಕೈಕುಲುಕುವಾಗ ವಿಯೋಲಾಳ ಕಣ್ಣು ತುಂಬಿತ್ತು. ಹೀಗೆ ಗೆಲ್ಲುವುದು ತನಗೆ ಬೇಕಿರಲಿಲ್ಲ ಎಂದಳು. ಮೊದಲ ಸೆಟ್ಟಿನಿಂದಲೂ ನನ್ನನ್ನು ಓಡಿಸಿ ಓಡಿಸಿ ಉಸಿರು ತೆಗೆದಿದ್ದೀಯ, ರೋಮಿಗೆ ಹೋಗಿ ನಿದ್ದೆ ಮಾಡು, ಆಮೇಲೆ ಆಡು ಎಂದು ಇಲಾರಿಯಾ ಅವಳ ಬೆನ್ನು ತಟ್ಟಿದಳು.

ಎಲ್ಮೋ ಕಾಫಿಯ ಪುಟ್ಟ ಕಪ್ಪು ಹಿಡಿದುಕೊಂಡು ತಾನೇ ಕೋರ್ಟಿನ ಅಂಚಿಗೆ ಬಂದ. “ಕಸ ಗುಡಿಸೋ ಕೆಲಸ ಮ್ಯಾಚ್ ಮುಗಿದ ಮೇಲೆ ಇಟ್ಕೋಬಾರ್ದಿತ್ತೇನಮ್ಮ?” ಎಂದ. ಅವಳಿಗೆ ನಗು ಬಂತು. ಕಾಫಿಗೆ ಅವನು ಎಂದಿನಂತೆ, ಅವಳು ಹುಡುಗಿಯಾಗಿದ್ದಾಗ ಕೇಳುತ್ತಿದ್ದಂತೆ, ಸಕ್ಕರೆ ಜಾಸ್ತಿ ಹಾಕಿದ್ದ.

ಎಲ್ಲರೂ ಹೋದ ಮೇಲೆ ನೆರೀನಾ ಊರುಗೋಲು ಊರುತ್ತ ಬಂದು ಬೆಂಚಿನ ಮೇಲೆ ಕೂತರು.

“ಹಾಳು ಮಾಡಿದವಳು ನಾನೇ ಕಣೇ,” ಎಂದರು. “ಕೋರ್ಟಲ್ಲಿ ಗುಂಡಿ ಬಿಟ್ಟು ಹೋಗ್ಬೇಡ, ನಿನ್ನ ಹಿಂದೆ ಇನ್ನೊಬ್ರು ಆಡೋರಿದ್ದಾರೆ ಅಂತ ಎಂಟು ವರ್ಷದ ಮಗೂಗೆ ದಿನಾ ಬಡ್ಕೊಂಡೆ. ಒಂದೊಂದು ಗುರುತೂ ಕಾಲಲ್ಲಿ ಒರೆಸಿಸಿದೆ.”

“ಬೇರೆ ಕಡೆ ಎಲ್ಲೂ ಹೀಗೆ ಮಾಡಿದವಳಲ್ಲ ನಾನು,” ಎಂದಳು ಇಲಾರಿಯಾ. “ಇಲ್ಲಿ ಮಾತ್ರ.”

“ಅದೇ ಹೇಳ್ತಿರೋದು. ಇಲ್ಲಿ.” ನೆರೀನಾ ತಲೆಯೆತ್ತಿದರು. “ನಿಜ ಹೇಳು. ಚೆಂಡು ಆಚೆ ಬಿದ್ದಿತ್ತಾ?”

ಆ ಬೆರಳಗಲದ ಕೆಂಪು ಮಣ್ಣು ಇಲಾರಿಯಾಳ ಕಣ್ಣ ಮುಂದೆ ಬಂತು. ಮುದುಕಿಯ ಕುತ್ತಿಗೆಯ ನರಗಳು ಬಿಗಿದಿದ್ದವು. ಪಾಂಡಾದ ಸ್ಟೀರಿಂಗ್ ಹಿಡಿದು ರಾತ್ರಿಯೆಲ್ಲ ದಕ್ಷಿಣಕ್ಕೆ ಓಡಿಸುವಾಗಲೂ ಅವು ಹಾಗೇ ಬಿಗಿದಿರುತ್ತಿದ್ದವು. ಪಕ್ಕದ ಸೀಟಿನಿಂದ ಹುಡುಗಿ ಇಲಾರಿಯಾ ಅದನ್ನು ನೋಡಿಕೊಂಡೇ ನಿದ್ದೆ ಹೋಗುತ್ತಿದ್ದಳು.

“ಗೆರೆ ಮೇಲೇ ಇತ್ತು, ಮಾಎಸ್ತ್ರಾ,” ಎಂದಳು. “ಗುರುತು ಉಳಿದಿದ್ರೂ ಪಾಯಿಂಟು ಅವಳದೇ.”

ನೆರೀನಾ ಅವಳ ಮುಖವನ್ನೇ ದಿಟ್ಟಿಸಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಭುಜಗಳು ಇಳಿದವು. “ಹಾಗಾದ್ರೆ ಆ ಲೈನ್‌ನವನಿಗೆ ಒಂದು ಕನ್ನಡಕ ಕೊಡಿಸ್ಬೇಕು,” ಎಂದು ಚೀಲದೊಳಗೆ ಕೈಹಾಕಿ ಒಂದು ಪೀಚ್ ಹಣ್ಣು ತೆಗೆದರು. “ತಗೋ. ಸುಲಿದು ಕೊಡು.”

ಇಬ್ಬರೂ ಹಣ್ಣು ತಿಂದರು. ಆಮೇಲೆ ಇಲಾರಿಯಾ ಎದ್ದು, ಮಣ್ಣು ಸಮ ಮಾಡುವ ಅಗಲದ ಬಲೆಯ ಹಗ್ಗ ಹಿಡಿದು ಕೋರ್ಟಿಗಿಳಿದಳು. ಆಡಿದವರೇ ಎಳೆಯಬೇಕು, ಗೆದ್ದಿರಲಿ ಸೋತಿರಲಿ. ಇಲ್ಲಿನ ಕ್ರಮ ಅದು. ಹೊರಗಿನಿಂದ ಒಳಕ್ಕೆ ಸುತ್ತು ಹಾಕುತ್ತ ಹೋದಳು. ಬಲೆಯ ಹಿಂದೆ ಹಳ್ಳಗಳು, ಜಾರಿದ ಉದ್ದ ಗೆರೆಗಳು, ಹುಡುಗಿಯ ಹೆಜ್ಜೆ, ತನ್ನ ಹೆಜ್ಜೆ ಎಲ್ಲ ಅಳಿಸಿಹೋಗುತ್ತಿದ್ದವು. ಮೆಲ್ಬರ್ನಿನ ಸುಡುವ ಬಿಸಿಲು ನೆನಪಾಯಿತು. ಪ್ಯಾರಿಸ್ಸಿನ ಮೂಲೆಯ ಕೋರ್ಟಿನಲ್ಲಿ ದೊಡ್ಡ ಹೆಸರಿನವಳನ್ನು ಮಣಿಸಿದ ಸಂಜೆ ನೆನಪಾಯಿತು. ಅಷ್ಟೆಲ್ಲ ನೋಡಿ ಬಂದ ಕಾಲಿಗೆ ಮನೆ ಯಾವುದೆಂದು ಮರೆತಿರಲಿಲ್ಲ. ಹಿಂದಿನ ಗೆರೆಯ ಬಳಿ ಬಂದಾಗ ನಿಲ್ಲದೆ ಬಲೆ ಎಳೆದಳು.

ಬೆಂಚಿನಲ್ಲಿ ನೆರೀನಾ ಉರುಳಿಹೋದ ಒಂದು ಚೆಂಡನ್ನು ಊರುಗೋಲಿನಿಂದ ಎಳೆದುಕೊಳ್ಳಲು ನೋಡುತ್ತಿದ್ದರು. ಬಗ್ಗಲು ಆಗುತ್ತಿರಲಿಲ್ಲ. ಸೋಮವಾರ ಮಕ್ಕಳ ಪಾಠವಿತ್ತು. ಸೋಮವಾರದ ವಿಮಾನ ತನ್ನನ್ನು ಬಿಟ್ಟು ಹೋಗಲಿ ಎಂದು ಇಲಾರಿಯಾ ಆ ಕೊನೆಯ ಸುತ್ತಿನಲ್ಲಿ ನಿಶ್ಚಯಿಸಿ ಆಗಿತ್ತು.

“ಟ್ಯುನೀಷಿಯಾದಲ್ಲಿ ಈಗ ಸೆಖೆ ಇರತ್ತಾ?” ನೆರೀನಾ ಕೂಗಿ ಕೇಳಿದರು.

“ಇರಬೇಕು,” ಎಂದಳು.

ಗೋಡೆಯಲ್ಲಿ ಬಲೆ ತೂಗುಹಾಕಲು ಎರಡು ಮೊಳೆಗಳಿದ್ದವು, ದೊಡ್ಡವರದು ಮೇಲೆ, ಮಕ್ಕಳದು ಕೆಳಗೆ. ಅವಳು ಬಗ್ಗಿ, ಸೋಮವಾರ ಮಕ್ಕಳ ಕೈಗೆ ಎಟುಕುವಂತೆ ಕೆಳಗಿನ ಮೊಳೆಗೆ ಹಗ್ಗ ಸಿಕ್ಕಿಸಿದಳು.