ಕೌದಿ ಸೂಜಿ

ಮಸ್ಕಿಯ ಅರಿವೆ ಅಂಗಡಿ ಅಮರಗುಂಡಪ್ಪನಿಗೆ ರಕ್ತದ ಒತ್ತಡ ಏರಿದೆ ಎಂದು ಲಿಂಗಸುಗೂರಿನ ನಿಜಾಮ ಸರಕಾರದ ದವಾಖಾನೆಯಲ್ಲಿ ಹೇಳಿದಂದಿನಿಂದ ಅವನ ಹೆಂಡತಿ ಕಸ್ತೂರೆಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಉಪ್ಪು ಬಿಡಬೇಕು, ಚೆನ್ನಾಗಿ ನಿದ್ದೆ ಮಾಡಬೇಕು, ಇಲ್ಲದಿದ್ದರೆ ಲಕ್ವಾ ಹೊಡೆದು ಕೈಕಾಲು ಬಿದ್ದೀತು ಎಂದಿದ್ದರು ಡಾಕ್ಟರು. ಈ ಮಹಾರಾಯ ತಿಳಿದುಕೊಂಡದ್ದೇ ಬೇರೆ. ಮೈಯಲ್ಲಿ ರಕ್ತ ಹೆಚ್ಚಾಗಿದೆ, ಹೆಚ್ಚಾದದ್ದನ್ನು ಹೊರಗೆ ಹಾಕಬೇಕು, ಅಷ್ಟೇ!

"ಬೆನ್ನಿಗೆ ಕೊಂಬು ಹಾಕ್ಸಿ ರಕ್ತ ತೆಗಸ್ತೀನಿ," ಎಂದು ಹಟ ಹಿಡಿದ. ಕಸ್ತೂರೆಮ್ಮನ ಜೀವ ಬಾಯಿಗೆ ಬಂತು. ಅವಳ ಅಪ್ಪ ಹಾಗೆ ರಕ್ತ ತೆಗೆಸಿಕೊಂಡು ಮಲಗಿದವನು ಮತ್ತೆ ಎದ್ದಿರಲಿಲ್ಲ.

ಅಷ್ಟರಲ್ಲಿ ಸಿಂಧನೂರು ಕಡೆಯಿಂದ ಸೈಕಲ್ ಮೇಲೆ ರೇಷ್ಮೆ ಮಾರಿಕೊಂಡು ಚೀನಾದವನೊಬ್ಬ ಅಂಗಡಿಗೆ ಬಂದ. ಅಮರಗುಂಡಪ್ಪನ ಕೆಂಪು ಮುಖ ನೋಡಿ, ನಮ್ಮ ದೇಶದಲ್ಲಿ ಇದಕ್ಕೆ ಸೂಜಿ ಚುಚ್ಚುತ್ತಾರೆ ಎಂದು ಹರಕು ಮುರುಕು ಉರ್ದುವಿನಲ್ಲಿ ಹೇಳಿದ. ಕಸ್ತೂರೆಮ್ಮ ಅವನ ಕಾಲು ಹಿಡಿಯುವುದೊಂದೇ ಬಾಕಿ. ಚುಚ್ಚಿದರೆ ರಕ್ತ ಬಂದೇ ಬರುತ್ತದೆಂದು ಅಮರಗುಂಡಪ್ಪನೂ ಒಪ್ಪಿದ. ಚೀನಾದವನು ಕತ್ತಿನ ಹಿಂದೆ, ಕಾಲಿಗೆ ಕೂದಲೆಳೆಯಂಥ ಸೂಜಿ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಕಿತ್ತ. ಒಂದು ಹನಿ ರಕ್ತವೂ ಬರಲಿಲ್ಲ.

"ರಕ್ತ ಎಲ್ಲೈತಿ? ಕಳ್ಳ ನನ್ಮಗ!" ಎಂದು ಅಮರಗುಂಡಪ್ಪ ಕಾಲು ನೋಡಿಕೊಂಡು ಗುಡುಗಿದ. "ಕಸ್ತೂರಿ, ಕೊಂಬು ಹಾಕೋನ್ನ ಕರಸು!"

ಅವಳಿಗೆ ಏನು ತೋಚಿತೋ, ಒಳಗೆ ಓಡಿದಳು. ಕೌದಿ ಹೊಲಿಯುವ ಸೂಜಿಯನ್ನು ಬೆರಳಿಗೆ ಚುಚ್ಚಿಕೊಂಡು, ಅರಿವೆಯ ಚೂರನ್ನು ಕೆಂಪು ಮಾಡಿ, ಗಂಡನ ಕತ್ತು ಒರೆಸಿದಂತೆ ಮಾಡಿ ತೋರಿಸಿದಳು. ಚೀನಾದವನು ಬಾಯಿ ತೆರೆಯುವ ಮೊದಲೇ ಕಣ್ಣಲ್ಲೇ ಗದರಿಸಿದಳು.

"ನೋಡ್ರೀ, ಹಿಂದ ಎಷ್ಟ್ ಬಂದೈತಿ!"

ಅವತ್ತು ಅಮರಗುಂಡಪ್ಪ ಎಂಥಾ ನಿದ್ದೆ ಮಾಡಿದ ಅಂತೀರಿ! ಮರುದಿನವೂ, ಅದರ ಮರುದಿನವೂ ಹಾಗೇ. ಕಸ್ತೂರೆಮ್ಮ ಮಲ್ಲಯ್ಯ ದೇವರಿಗೆ ಕೈಮುಗಿದಳು.

ಆಮೇಲೊಂದು ದಿನ ಊಟಕ್ಕೆ ಕೂತವನು, "ಕೆಟ್ಟ ರಕ್ತ ಹೋತಲ್ಲ, ಇನ್ಯಾಕ ಈ ಸಪ್ಪನ ಕೂಳು?" ಎಂದು ತಾನೇ ಎದ್ದು ಉಪ್ಪಿನಕಾಯಿ ಭರಣಿ ತಂದು ತಟ್ಟೆಗೆ ಸುರಿದುಕೊಂಡ. ಅಯ್ಯೋ ಶಿವನೇ, ಎಂಥ ಕೆಲಸ ಮಾಡಿಕೊಂಡೆ! ನಿಜ ಹೇಳಿದರೆ ಕೊಂಬು, ಹೇಳದಿದ್ದರೆ ಉಪ್ಪು. ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಅವಳು ಅವನ ಮುಂಗೈ ಹಿಡಿದಳು.

"ಆ ರಕ್ತ ನಿಮ್ದಲ್ರೀ. ನಂದು."

ಬೆರಳು ತೋರಿಸಿದಳು. ಸೂಜಿ ಆಳಕ್ಕೆ ಹೋಗಿ ಬೆರಳು ಬಾತುಕೊಂಡಿತ್ತು. ಅವನ ಮುಖ ಕೆಂಪೇರಿತು. ಈಗ ಹೊಡೆಯಿತು ಲಕ್ವಾ ಎಂದುಕೊಂಡಳು ಅವಳು. ಅವನು ಆ ಬೆರಳನ್ನು ಹಿಡಿದು ತಿರುಗಿಸಿ ನೋಡಿದ.

"ಮತ್ತ ಇಷ್ಟ್ ದಿನ ನಾ ಮಾಡಿದ ನಿದ್ದಿ?"

"ಅದು ನಿಮ್ದ ರೀ."

ಅಮರಗುಂಡಪ್ಪ ತಟ್ಟೆಯನ್ನು ಆಚೆ ಸರಿಸಿದ.

"ಬ್ಯಾರೆ ತಟ್ಟಿಗೆ ಸಪ್ಪಂದ ಹಾಕು. ಮೊದಲ ಆ ಬೆರಳಿಗೆ ಅರಿಶಿಣ ಹಚ್ಕೊ."