ಬೋಣಿಯ ಬೆನ್ನು

"ನೀನು ಯಾವ ಕೆಲಸ ಕಲಿತರೂ ಸರಿ, ಬೋಣಿ ನನ್ನದೇ" ಎಂದು ಕ್ಷೌರದಂಗಡಿಯ ಅಪ್ಪ ಮಗಳಿಗೆ ಮಾತು ಕೊಟ್ಟಾಗ ಅವಳ ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ. ಅಡುಗೆ ಕಲಿತರೆ ಮೊದಲ ತುತ್ತು, ಹೊಲಿಗೆ ಕಲಿತರೆ ಮೊದಲ ಅಂಗಿ ತನಗೆ ಎಂಬುದು ಅವನ ಲೆಕ್ಕ. ಅವಳು ಕಲಿತು ಬಂದದ್ದು ಚೀನೀ ವೈದ್ಯದ ಕಪ್ಪಿಂಗ್. ಗಾಜಿನ ಬಟ್ಟಲೊಳಗೆ ಬೆಂಕಿ ಆಡಿಸಿ, ತೆಗೆದು, ಬಟ್ಟಲನ್ನು ಬೆನ್ನ ಮೇಲೆ ಕವುಚುವ ವಿದ್ಯೆ.

ಬಿಗಿದ ಮೈ ಸಡಿಲಿಸುವ ಆ ವಿದ್ಯೆಗೆ ಅಪ್ಪನ ಬೆನ್ನೇನೋ ಹೇಳಿ ಮಾಡಿಸಿದಂತಿತ್ತು. ಕುರ್ಚಿಯ ಪಕ್ಕ ಬಗ್ಗಿ ನಿಂತೂ ನಿಂತೂ ಭುಜಗಳು ಹಲಗೆಯಾಗಿದ್ದವು. ಆದರೆ ಅಪ್ಪ ಒಲೆ ಹಚ್ಚುವಾಗಲೂ ಮುಖ ಆಚೆ ತಿರುಗಿಸುವ ಆಸಾಮಿ.

"ಇವರಿಗೆ ನಾಲಿಗೆ ಮುಂದು, ಬೆನ್ನು ಹಿಂದು" ಎಂದು ಅಮ್ಮ ಇಸ್ತ್ರಿ ಮಾಡುತ್ತಲೇ ಚುಚ್ಚಿದಳು.

"ಬೆನ್ನು ಇನ್ನೆಲ್ಲಿರುತ್ತೆ ಕಣೆ? ನಾನು ಮಾತು ಕೊಟ್ಟವನು, ಬಂದೇ ಬರ್ತೀನಿ."

ಮಗಳು ಮುಂಚಿತವಾಗಿಯೇ ತಾಕೀತು ಮಾಡಿದ್ದಳು. ಹೊಟ್ಟೆ ಬಿರಿಯ ತಿನ್ನಬಾರದು, ಖಾಲಿ ಹೊಟ್ಟೆಯಲ್ಲೂ ಬರಬಾರದು. ನೀರು ಚೆನ್ನಾಗಿ ಕುಡಿದಿರಬೇಕು. ಸಡಿಲ ಅಂಗಿ ಹಾಕಿಕೊಳ್ಳಬೇಕು. ಸುಡುನೀರಿನ ಸ್ನಾನ ಬೇಡ. ಅಪ್ಪ ಎಲ್ಲವನ್ನೂ ಚಾಚೂ ತಪ್ಪದೆ ಪಾಲಿಸಿದ. ಸಾಲದ್ದಕ್ಕೆ ಅಂಗಡಿ ಬಾಗಿಲು ಅರ್ಧ ಎಳೆದು, ಜೊತೆ ಕೆಲಸಗಾರನ ಮುಂದೆ ಅಂಗಿ ಬಿಚ್ಚಿ ಕೂತ. ಮಗಳ ಮೊದಲ ಗಿರಾಕಿ ಕರಡಿಯ ಹಾಗೆ ಹೋಗುವುದೇ? ಬೆನ್ನಿಗೆಲ್ಲ ಸೋಪು, ಮೇಲಿಂದ ಕೆಳಗೆ ಹೊಸ ಬ್ಲೇಡು, ಕೊನೆಗೆ ಪಟಿಕದ ತುಂಡು.

ಮಗಳ ಕೋಣೆ ಬೆಚ್ಚಗಿತ್ತು. ಎತ್ತರದ ಮಂಚಕ್ಕೆ ಬಿಳಿ ಹೊದಿಕೆ, ಟ್ರೇಯಲ್ಲಿ ಸಾಲಾಗಿ ಗಾಜಿನ ಬಟ್ಟಲುಗಳು, ಪಕ್ಕದಲ್ಲಿ ಸ್ಪಿರಿಟ್ಟು, ಹತ್ತಿ, ಚಿಮಟ. ಅಪ್ಪನ ಕಣ್ಣು ಚಿಮಟದ ಮೇಲೆಯೇ. ಆದರೂ ಎದೆ ಗಟ್ಟಿಮಾಡಿಕೊಂಡು ಬೋರಲು ಮಲಗಿದ. ಅಮ್ಮ ತಮಾಷೆ ನೋಡಲು ಸ್ಟೂಲು ಎಳೆದುಕೊಂಡಳು.

ಮಗಳು ಅಂಗಿ ಸರಿಸಿದವಳು ಅಲ್ಲೇ ನಿಂತಳು.

"ಅಪ್ಪಾ, ಏನಿದು?"

"ಹೆಂಗಿದೆ? ಬೆಣ್ಣೆ ಬೆಣ್ಣೆ! ಬಟ್ಟಲು ಜಾರದೆ ಕೂರಲಿ ಅಂತ ಮಾಡಿಸಿದೆ."

"ಇಲ್ಲಿ ಕೆಂಪಗಾಗಿದೆ. ಇಲ್ಲಿ ಗೀರಿದೆ. ಈಗ ತಾನೇ ಬ್ಲೇಡು ಆಡಿದ ಚರ್ಮಕ್ಕೆ ಕಪ್ ಹಾಕೋ ಹಾಗಿಲ್ಲ."

"ಬೋಳಿಸಬೇಡ ಅಂತ ನೀನು ಹೇಳಲೇ ಇಲ್ಲ!"

"ಬೆನ್ನು ಬೋಳಿಸ್ಕೊಂಡು ಬರೋರು ಇದಾರೆ ಅಂತ ನನಗೇನು ಕನಸು ಬಿದ್ದಿತ್ತಾ?"

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕುಲುಕಿ ಕುಲುಕಿ ನಕ್ಕಳು.

ಅಪ್ಪ ಎದ್ದು ಕೂತ. ಭಯವೆಲ್ಲ ಎಲ್ಲಿಗೆ ಹಾರಿತ್ತೋ, ಈಗ ಒಂದೇ ಚಿಂತೆ. "ಒಂದೇ ಒಂದು ಹಾಕಮ್ಮ, ಲೆಕ್ಕಕ್ಕೆ. ಕೊಟ್ಟ ಮಾತು ಹೋಗುತ್ತೆ."

"ಕೆನ್ನೆ ತುಂಬ ಗುಳ್ಳೆ ಎದ್ದವನು ಬಂದ್ರೆ ನೀನು ಕತ್ತಿ ಇಡ್ತೀಯಾ?"

"ಛೆ, ಎಲ್ಲಾದರೂ ಉಂಟೇ? ಮಾಗಲಿ ಅಂತ ವಾಪಸ್ ಕಳಿಸ್ತೀನಿ."

"ಬೇಕೇ ಬೇಕು ಅಂತ ಹಟ ಹಿಡಿದ್ರೆ?"

"ಯಾವನೇ ಆಗಲಿ, ನನ್ನ ಅಂಗಡೀಲಿ..." ಎಂದವನು ಅಷ್ಟಕ್ಕೇ ಮಾತು ನಿಲ್ಲಿಸಿದ. ಮಗಳ ಮುಖ ನೋಡಿದ. ಆ ಮುಖ ಸಡಿಲಲಿಲ್ಲ. ಅಪ್ಪನೆಂದು ಕರಗದೆ ಗಿರಾಕಿಯನ್ನು ತಿರುಗಿಸಿ ಕಳಿಸುವ ಗಟ್ಟಿತನ ಇವಳಿಗೆ ಬಂದುಬಿಟ್ಟಿದೆ ಎಂದುಕೊಂಡಾಗ ಅವನಿಗೆ ಒಳಗೊಳಗೇ ಹಿತವಾಯಿತು. ಅಂಗಿ ಹಾಕಿಕೊಂಡು ಮಂಚದಿಂದ ಇಳಿದ.

"ಅಮ್ಮಾ, ಊಟ ಆಗಿದೆಯಾ? ಮಾತ್ರೆ ಏನಾದರೂ ತಗೋತಿದೀಯಾ?" ಎಂದು ಮಗಳು ಸ್ಟೂಲಿನತ್ತ ತಿರುಗಿದಳು.

"ಹೊಟ್ಟೆ ತಣ್ಣಗಿದೆ. ಮಾತ್ರೆಗೀತ್ರೆ ಏನಿಲ್ಲ. ಇಸ್ತ್ರಿ ಮಾಡಿ ಮಾಡಿ ಈ ಬೆನ್ನು ಮಾತ್ರ ಕಬ್ಬಿಣ ಆಗಿದೆ. ರೀ, ಸ್ಟೂಲು ಹಿಡೀರಿ."

ಹತ್ತಿ ಭಗ್ಗೆಂದಿತು. ಅಪ್ಪ ಮುಖ ತಿರುಗಿಸಿದ, ಒಂದು ಕಣ್ಣು ಮಾತ್ರ ಇತ್ತಲೇ. ಜ್ವಾಲೆ ಬಟ್ಟಲೊಳಗೆ ಸುತ್ತಿ ಹೊರಬಂತು. ಬಟ್ಟಲು ಅಮ್ಮನ ಬೆನ್ನಿಗೆ ಕಚ್ಚಿಕೊಂಡಿತು. ಒಳಗೆ ಚರ್ಮ ಬನ್ನಿನಂತೆ ಉಬ್ಬಿತು.

"ಉರಿಯುತ್ತಾ?" ಎಂದು ಅಪ್ಪ ಪಿಸುಗುಟ್ಟಿದ.

"ಸುಮ್ಮನಿರಿ, ನಿದ್ದೆ ಬರ್ತಿದೆ" ಎಂದಳು ಅಮ್ಮ.

ಬೋಣಿ ಅಮ್ಮನದಾಯಿತು. ಅಪ್ಪ ಕೊಟ್ಟ ಮಾತು ಉಳಿಯಲಿಲ್ಲ.